ಬೀಗದ ಕೈ ಯಾರ ಹತ್ತಿರ ಇದೆ?



ಒಂದು ಹಳೆಯ ಫೋಟೋದಿಂದ ಮಾತು ಶುರು ಮಾಡುತ್ತೇನೆ. ಬಾನುಲಿಯಲ್ಲಿ ಅದನ್ನು ನಿಮಗೆ ತೋರಿಸುವ ಹಾಗಿಲ್ಲ. ಹೇಳುತ್ತೇನೆ, ಕೇಳಿ. ನಮ್ಮೂರಿನ ಸರ್ಕಾರಿ ಶಾಲೆಯ ಜಗಲಿ. 1952ನೇ ಇಸವಿ. ಮೂರು ಸಾಲಿನಲ್ಲಿ 31 ಮಕ್ಕಳು. ಮುಂದಿನ ಸಾಲಿನವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ನಡುವೆ ಕುರ್ಚಿಯಲ್ಲಿ ಮೇಷ್ಟ್ರು. ತಲೆಗೆ ಕರಿ ಟೋಪಿ, ತೊಡೆಯ ಮೇಲೆ ಮಡಚಿದ ಕೊಡೆ. ಎಡತುದಿಯಲ್ಲಿ ಎರಡು ಜಡೆಯ ಒಬ್ಬ ಹುಡುಗಿ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವಳೊಬ್ಬಳು ಪಕ್ಕಕ್ಕೆ ತಿರುಗಿದ್ದಾಳೆ.

ಈ ಫೋಟೋವನ್ನು ನಾವು ಕೆಲವರು ಸೇರಿ ಒಂದು ದೊಡ್ಡ ಸಾಮಾಜಿಕ ಜಾಲತಾಣಕ್ಕೆ ಹಾಕಿದ್ದೆವು. ಊರಿನ ಹಳೆಯ ಚಿತ್ರಗಳಿಗಾಗಿಯೇ ಅಲ್ಲಿ ಒಂದು ಪುಟ ಮಾಡಿದ್ದೆವು. ಮದುವೆಯ ಚಿತ್ರ, ತೇರಿನ ಚಿತ್ರ, ಕೆರೆ ಕೋಡಿ ಬಿದ್ದ ವರ್ಷದ ಚಿತ್ರ. ಆರು ವರ್ಷದಲ್ಲಿ ಸುಮಾರು 800 ಚಿತ್ರಗಳು ಸೇರಿದವು. ಊರು ಬಿಟ್ಟು ಹೋದವರು ಎಲ್ಲೆಲ್ಲಿಂದಲೋ ಬಂದು ನೋಡುತ್ತಿದ್ದರು. ಚಿತ್ರದ ಕೆಳಗೆ ಬರೆಯುತ್ತಿದ್ದರು.

ಈ ಶಾಲೆಯ ಚಿತ್ರದ ಕೆಳಗೆ ನನ್ನ ಸೋದರತ್ತೆ ಬರೆಸಿದ್ದರು. ಅವರಿಗೆ ಮೊಬೈಲಿನಲ್ಲಿ ಬರೆಯಲು ಬರುವುದಿಲ್ಲ. ಮೊಮ್ಮಗನಿಗೆ ಹೇಳಿ ಬರೆಸಿದ್ದು. "ಆ ಎರಡು ಜಡೆಯವಳು ನಾನೇ. ತಮ್ಮ ಬೇಲಿ ಹತ್ತಿರ ನಿಂತು ಅಳ್ತಿದ್ದ. ಅವನ ಕಡೆ ನೋಡ್ತಾ ಇದ್ದೆ." ಅದರ ಕೆಳಗೆ ಇನ್ನೊಬ್ಬರು ಬರೆದರು, ಅವರ ಕೆಳಗೆ ಮತ್ತೊಬ್ಬರು. ಹೀಗೆ 22 ಮಕ್ಕಳ ಹೆಸರು ಗೊತ್ತಾಯಿತು. ಯಾರು ಯಾವ ಮನೆಯವರು, ಯಾರು ಮುಂದೆ ಎಲ್ಲಿಗೆ ಹೋದರು, ಯಾವ ಹುಡುಗ ಆ ವರ್ಷವೇ ಜ್ವರದಲ್ಲಿ ತೀರಿಹೋದ, ಎಲ್ಲ ಅಲ್ಲಿತ್ತು.

ಒಂದು ಬೆಳಿಗ್ಗೆ ಆ ಪುಟ ತೆರೆಯಲಿಲ್ಲ. ನಿಯಮ ಮೀರಿದ್ದರಿಂದ ಖಾತೆ ಮುಚ್ಚಲಾಗಿದೆ ಎಂದು ಒಂದು ಸಾಲು ಬಂತು. ಯಾವ ನಿಯಮ ಎಂದು ಹೇಳಲಿಲ್ಲ. ಮನವಿ ಕಳಿಸಿದೆವು. ಎರಡು ನಿಮಿಷದಲ್ಲಿ ಉತ್ತರ ಬಂತು. ನಮ್ಮ ಮನವಿಯನ್ನು ಪರಿಶೀಲಿಸಲಾಗಿದೆ, ತೀರ್ಮಾನ ಬದಲಾಗುವುದಿಲ್ಲ ಎಂದಿತ್ತು. ಎರಡು ನಿಮಿಷದಲ್ಲಿ 800 ಚಿತ್ರಗಳನ್ನು ಯಾವ ಮನುಷ್ಯನೂ ನೋಡಲಾರ. ಎರಡನೆಯ ಮನವಿಗೆ ಉತ್ತರವೇ ಬರಲಿಲ್ಲ.

ಫೋಟೋಗಳೇನೂ ಹೋಗಲಿಲ್ಲ. ಅವು ಟ್ರಂಕುಗಳಲ್ಲಿ, ಆಲ್ಬಮ್ಮುಗಳಲ್ಲಿ ಇದ್ದೇ ಇದ್ದವು. ಹೋದದ್ದು ಫೋಟೋದ ಕೆಳಗಿನ ಮಾತು. ಅದನ್ನು ಯಾರೂ ಬೇರೆ ಕಡೆ ಬರೆದಿಟ್ಟಿರಲಿಲ್ಲ. ಅಲ್ಲೇ ಇರುತ್ತದಲ್ಲ ಎಂದು ನಂಬಿದ್ದೆವು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾವು ದಿನವೂ ಕೂತು ಮಾತಾಡುವ ಈ ಮನೆ ಯಾರದು? ಅದರ ಬೀಗದ ಕೈ ಯಾರ ಹತ್ತಿರ ಇದೆ? ಇವತ್ತಿನ ಮಾತೆಲ್ಲ ಈ ಒಂದೇ ಪ್ರಶ್ನೆಯ ಸುತ್ತ.

ದೊಡ್ಡ ಜಾಲತಾಣಗಳಲ್ಲಿ ನಾವು ಬಾಡಿಗೆ ಕೊಡುವುದಿಲ್ಲ. ಅದಕ್ಕೇ ನಾವು ಬಾಡಿಗೆದಾರರೆಂಬುದು ಮರೆತುಹೋಗುತ್ತದೆ. ನಮ್ಮ ಮುಂದೆ ಜಾಹೀರಾತು ಹಿಡಿಯುವ ಹಕ್ಕನ್ನು ಕಂಪನಿ ಬೇರೆಯವರಿಗೆ ಮಾರುತ್ತದೆ. ಅದೇ ಬಾಡಿಗೆ. ಬಾಡಿಗೆ ಮನೆಯಲ್ಲಿ ಇರಬಾರದೆಂದಿಲ್ಲ, ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಆದರೆ ಬಾಡಿಗೆ ಮನೆಗೆ ಒಂದು ಕರಾರು ಪತ್ರ ಇರುತ್ತದೆ. ಬಿಡಿ ಎನ್ನಲು ಮುಂಚಿತ ನೋಟಿಸು ಇರುತ್ತದೆ. ಬಿಡುವಾಗ ಪಾತ್ರೆ ಪಡಗ ಗಾಡಿಗೆ ಹೇರಿಕೊಂಡು ಹೋಗಬಹುದು. ಇಲ್ಲಿ ಕರಾರು ಬರೆದವರೂ ಅವರೇ, ಬದಲಿಸುವವರೂ ಅವರೇ.

ಮನೆಯೇ ಇಲ್ಲವಾಗುವುದೂ ಉಂಟು. ಆರ್ಕುಟ್ ನಿಮಗೆ ನೆನಪಿರಬಹುದು. ಭಾರತದಲ್ಲಿ ಎಷ್ಟೋ ಜನರಿಗೆ ಮೊದಲ ಜಾಲತಾಣ ಅದೇ. ಕನ್ನಡದ ಗುಂಪುಗಳೂ ಅಲ್ಲಿ ಕೂಡಿದ್ದವು. 2014ರ ಸೆಪ್ಟೆಂಬರ್ ಕೊನೆಗೆ ಅದನ್ನು ಮುಚ್ಚಿದರು. ಗೂಗಲ್ ಪ್ಲಸ್ ಬಂತು, 2019ರಲ್ಲಿ ಅದನ್ನೂ ಮುಚ್ಚಿದರು.

ನಮಗೆ ಹತ್ತಿರದ ಉದಾಹರಣೆ 'ಕೂ' ಎಂಬ ಜಾಲತಾಣ. ಬೆಂಗಳೂರಿನಲ್ಲೇ ಹುಟ್ಟಿದ್ದು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಕಟ್ಟಿದ್ದು. 2020ರ ಆರಂಭದಲ್ಲಿ ಅದು ಮೊದಲು ಬಂದದ್ದೇ ಕನ್ನಡದಲ್ಲಿ. ಹಿಂದಿ, ತಮಿಳು, ತೆಲುಗು ಎಲ್ಲ ಆಮೇಲೆ. ಒಂದು ದೊಡ್ಡ ಜಾಲತಾಣ ಕನ್ನಡದಿಂದ ಆರಂಭವಾದದ್ದು ನನಗಂತೂ ಹಬ್ಬದಂಥ ಸಂತೋಷ ಕೊಟ್ಟಿತ್ತು. ಇಂಗ್ಲಿಷ್ ಬಾರದವರು ಅಳುಕಿಲ್ಲದೆ ಬರೆದರು. ಒಂದು ಹೊತ್ತಿನಲ್ಲಿ ದಿನಕ್ಕೆ 20 ಲಕ್ಷ ಜನ ಅದನ್ನು ಬಳಸುತ್ತಿದ್ದರು. ಆದರೆ ಇಂಥ ತಾಣ ನಡೆಸಲು ಬಹಳ ದುಡ್ಡು ಬೇಕು. ಬಂಡವಾಳ ಸಿಗುವುದು ನಿಂತಿತು. ಕೊಳ್ಳಲು ಬಂದವರೊಡನೆ ಮಾತುಕತೆ ಮುರಿಯಿತು. 2024ರ ಜುಲೈಯಲ್ಲಿ ಬಾಗಿಲು ಹಾಕಿದರು.

ಇಲ್ಲಿ ಯಾರದೂ ದುರುದ್ದೇಶವಿಲ್ಲ. ಕಟ್ಟಿದವರಿಗೆ ಕನ್ನಡದ ಮೇಲೆ ಪ್ರೀತಿ ಇತ್ತು ಎಂದೇ ನಾನು ನಂಬುತ್ತೇನೆ. ಆದರೂ ಮನೆ ಒಂದೇ, ಬೀಗ ಒಂದೇ. ಯಜಮಾನ ಸೋತಾಗ ಒಳಗಿದ್ದವರೆಲ್ಲ ಬೀದಿಗೆ ಬಂದರು. ಕನ್ನಡದಲ್ಲೇ ಇದ್ದರೂ, ಬೆಂಗಳೂರಿನಲ್ಲೇ ಇದ್ದರೂ, ಕಟ್ಟಡದ ರೀತಿ ಹಳೆಯದೇ ಆಗಿತ್ತು. ಯಜಮಾನ ನಮ್ಮವನಾದರೆ ಸಾಕು ಎಂದು ನಾವು ಅಂದುಕೊಂಡಿದ್ದೆವು. ಅದು ಸಾಲದು ಎಂದು 'ಕೂ' ತೋರಿಸಿತು.

ಇಷ್ಟು ಹೊತ್ತು ಹೇಳಿದ್ದು ಮನೆ ಮುಚ್ಚಿಹೋಗುವ ಮಾತು. ಮನೆ ಇದ್ದೂ ನಮ್ಮೊಬ್ಬರನ್ನೇ ಹೊರಗೆ ಹಾಕುವುದು ಇನ್ನೊಂದು ಬಗೆ. ಅದಕ್ಕೂ ಒಂದು ಚಿತ್ರದ ಕಥೆ ಇದೆ.

1936ನೇ ಇಸವಿ. ಜರ್ಮನಿಯ ಹ್ಯಾಂಬರ್ಗ್ ನಗರದ ಹಡಗು ಕಟ್ಟೆ. ನೂರಾರು ಕಾರ್ಮಿಕರು ಒತ್ತೊತ್ತಾಗಿ ನಿಂತಿದ್ದಾರೆ. ಎಲ್ಲರ ಬಲಗೈ ಮುಂದಕ್ಕೆ ಚಾಚಿದೆ. ಹಿಟ್ಲರನಿಗೆ ಸಲ್ಲುವ ವಂದನೆ ಅದು. ಆ ಜನಸಂದಣಿಯ ನಡುವೆ ಒಬ್ಬನೇ ಒಬ್ಬ ಕೈಕಟ್ಟಿ ನಿಂತಿದ್ದಾನೆ. ಆತ ಆಗಸ್ಟ್ ಲಾಂಡ್‌ಮೆಸ್ಸರ್ ಎಂದು ಹೇಳುತ್ತಾರೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಈ ಚಿತ್ರವನ್ನು ತಮ್ಮ ಟ್ವಿಟರ್ ಖಾತೆಯ ಮೇಲ್ಭಾಗದಲ್ಲಿ ಹಾಕಿಕೊಂಡಿದ್ದರು. 2019ರ ಅಕ್ಟೋಬರಿನಲ್ಲಿ ಕಂಪನಿ ಅವರ ಖಾತೆ ತಡೆಹಿಡಿಯಿತು. ಕಾರಣ, ಇದು ದ್ವೇಷ ಹರಡುವ ಚಿತ್ರವಂತೆ. ದ್ವೇಷಕ್ಕೆ ಕೈ ಎತ್ತದೆ ನಿಂತವನ ಚಿತ್ರ ಅದು. ಎತ್ತಿದ ಕೈಗಳು ಮಾತ್ರ ನಿಯಮದ ಕಣ್ಣಿಗೆ ಬಿದ್ದವು. ಕಟ್ಟಿದ ಕೈಗಳು ಬೀಳಲಿಲ್ಲ.

ಆ ನವೆಂಬರಿನಲ್ಲಿ ಭಾರತದ ಅನೇಕರು ಸಿಟ್ಟಿನಿಂದ ಟ್ವಿಟರ್ ಬಿಟ್ಟು ಇನ್ನೊಂದು ಕಡೆ ಹೊರಟರು. ಹೆಗ್ಡೆಯವರೂ ಹೋದರು. ಆ ಜಾಗದ ಹೆಸರು ಮಾಸ್ಟೊಡಾನ್. ನನ್ನಂಥವರು ಆ ಹೆಸರು ಮೊದಲು ಕೇಳಿದ್ದೇ ಆಗ. ಆನೆಯ ಬಳಗಕ್ಕೆ ಸೇರಿದ, ಈಗ ಅಳಿದುಹೋಗಿರುವ ಒಂದು ದೈತ್ಯ ಪ್ರಾಣಿಯ ಹೆಸರು ಅದು.

ಹಾಗಾದರೆ ಎರಡು ಅಪಾಯ ಕಂಡೆವು. ಮನೆ ಮುಚ್ಚಬಹುದು. ಮನೆಯಿಂದ ನಮ್ಮನ್ನು ಹೊರಗೆ ಹಾಕಬಹುದು. ಎರಡರಲ್ಲೂ ಬೀಗದ ಕೈ ಒಬ್ಬರ ಹತ್ತಿರವೇ ಇದೆ. ಈಗ, ಬೇರೆ ರೀತಿ ಕಟ್ಟಲು ಬರುತ್ತದೆಯೇ ಎಂದು ನೋಡೋಣ.

ಅಂಚೆಯನ್ನು ನೆನಪು ಮಾಡಿಕೊಳ್ಳಿ. ಸಾಗರದ ಅಂಚೆ ಕಚೇರಿಯಲ್ಲಿ ಹಾಕಿದ ಕಾಗದ ಜಪಾನಿನ ಒಂದು ಹಳ್ಳಿಯ ಮನೆಗೆ ಹೋಗುತ್ತದೆ. ನಮ್ಮ ಅಂಚೆ ಇಲಾಖೆಗೂ ಜಪಾನಿನ ಅಂಚೆಗೂ ಯಜಮಾನರು ಬೇರೆ. ಸಮವಸ್ತ್ರ ಬೇರೆ, ಸಂಬಳ ಬೇರೆ. ಆದರೆ 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಕೂತು ಒಂದು ಒಪ್ಪಂದ ಮಾಡಿಕೊಂಡವು. ನಿನ್ನ ಕಾಗದ ನಾನು ಮುಟ್ಟಿಸುತ್ತೇನೆ, ನನ್ನದನ್ನು ನೀನು ಮುಟ್ಟಿಸು. ಇಮೇಲ್ ಕೂಡ ಇದೇ ರೀತಿ. ನಿಮ್ಮದು ಒಂದು ಕಂಪನಿಯದು, ನನ್ನದು ಇನ್ನೊಂದರದು, ನನ್ನ ಮಗಳದು ಅವಳ ಕಾಲೇಜಿನದು. ಆದರೂ ಪತ್ರ ತಲುಪುತ್ತದೆ. ನೀನೂ ನನ್ನ ಕಂಪನಿಗೇ ಬಾ, ಆಮೇಲೆ ಮಾತಾಡೋಣ ಎಂದು ಯಾರೂ ಹೇಳುವುದಿಲ್ಲ.

ದೊಡ್ಡ ಜಾಲತಾಣಗಳು ಹಾಗೇ ಹೇಳುತ್ತವೆ. ಒಂದರಲ್ಲಿ ಇದ್ದವರು ಇನ್ನೊಂದರಲ್ಲಿ ಇದ್ದವರೊಡನೆ ಮಾತಾಡುವ ಹಾಗಿಲ್ಲ. ಅದರಿಂದಲೇ ನಾವು ಬಿಟ್ಟುಬರಲಾರೆವು. ಜಾಗ ಚೆನ್ನಾಗಿದೆಯೆಂದು ನಾವು ಅಲ್ಲಿ ಕೂತಿಲ್ಲ. ನಮ್ಮವರೆಲ್ಲ ಅಲ್ಲಿದ್ದಾರೆ ಎಂದು ಕೂತಿದ್ದೇವೆ.

ಜಾಲತಾಣವನ್ನೂ ಅಂಚೆಯ ಹಾಗೆ ನಡೆಸಬಹುದಲ್ಲ ಎಂದು ಕೆಲವರು ಯೋಚಿಸಿದರು. 2008ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಎವನ್ ಪ್ರೊಡ್ರೊಮು ಎಂಬವರು ಅಂಥದೊಂದನ್ನು ಶುರು ಮಾಡಿದರು. 2010ರಲ್ಲಿ ನ್ಯೂಯಾರ್ಕಿನ ನಾಲ್ವರು ವಿದ್ಯಾರ್ಥಿಗಳು ಜನರಿಂದ ಸುಮಾರು ಎರಡು ಲಕ್ಷ ಡಾಲರ್ ಕೂಡಿಸಿ ಡಯಾಸ್ಪೊರಾ ಎಂಬ ಜಾಲ ಕಟ್ಟಲು ಹೊರಟರು. 2016ರಲ್ಲಿ ಜರ್ಮನಿಯ ಯೇನಾ ಊರಿನಲ್ಲಿ ಯೂಜೆನ್ ರೋಚ್ಕೊ ಎಂಬ ತರುಣ ಮಾಸ್ಟೊಡಾನ್ ಬರೆದು ಹೊರಗೆ ಬಿಟ್ಟ. ಆಗ ಅವನಿಗೆ 25 ತುಂಬಿರಲಿಲ್ಲ. ಅವನು ಮಾಡಿದ ಮುಖ್ಯ ಕೆಲಸ ಇದು: ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮದೇ ಸರ್ವರಿನಲ್ಲಿ ನಡೆಸಬಹುದು. 2018ರ ಜನವರಿಯಲ್ಲಿ ವೆಬ್‌ನ ಮಾನದಂಡ ನೋಡಿಕೊಳ್ಳುವ ಡಬ್ಲ್ಯು3ಸಿ ಸಂಸ್ಥೆ ಈ ಸರ್ವರುಗಳ ಮಾತುಕತೆಗೆ ಒಂದು ಸಾಮಾನ್ಯ ಒಪ್ಪಂದವನ್ನು ಪ್ರಕಟಿಸಿತು. ಅದರ ಹೆಸರು ಆ್ಯಕ್ಟಿವಿಟಿಪಬ್. ಬರ್ನ್ ನಗರದ ಒಪ್ಪಂದದಂಥದೇ, ಇದು ಸರ್ವರುಗಳಿಗೆ.

ಇದರಲ್ಲಿ ವಿಳಾಸ ಹೇಗಿರುತ್ತದೆ? ನಮ್ಮ ಕಾಗದದ ವಿಳಾಸದ ಹಾಗೆಯೇ. ಮೊದಲು ನಿಮ್ಮ ಹೆಸರು. ಆಮೇಲೆ ನೀವು ಸೇರಿರುವ ಸರ್ವರಿನ ಹೆಸರು, ಅಂದರೆ ಊರು. ನಾನೊಂದು ಊರಿನವನು, ನೀವೊಂದು ಊರಿನವರು. ಊರು ಬೇರೆಯಾದರೂ ಒಬ್ಬರ ಬರಹ ಒಬ್ಬರಿಗೆ ಬರುತ್ತದೆ, ಉತ್ತರ ಹೋಗುತ್ತದೆ. ಇಂಥ ಸಾವಿರಾರು ಊರುಗಳಿವೆ. ಚಿತ್ರಗಳಿಗೆ ಪಿಕ್ಸೆಲ್‌ಫೆಡ್ ಇದೆ. ವಿಡಿಯೋಗಳಿಗೆ ಪಿಯರ್‌ಟ್ಯೂಬ್ ಇದೆ, ಅದನ್ನು ಫ್ರಾನ್ಸಿನ ಒಂದು ಲಾಭದಾಸೆಯಿಲ್ಲದ ಸಂಸ್ಥೆ ಬೆಳೆಸಿದೆ. ಇವೂ ಪರಸ್ಪರ ಮಾತಾಡುತ್ತವೆ. ಈ ಇಡೀ ಬಳಗಕ್ಕೆ ಫೆಡಿವರ್ಸ್ ಎನ್ನುತ್ತಾರೆ.

ಇಲ್ಲಿ ಒಂದು ನೆನಪು ಹೇಳಬೇಕು. ನಾವು ಮಾತಾಡುತ್ತಿರುವ ಈ ಬಾನುಲಿಗೇ ಸೇರಿದ್ದು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದರು. ಸಣ್ಣ ಟ್ರಾನ್ಸ್‌ಮಿಟರ್ ತರಿಸಿದರು, ಮನೆಯ ಕೋಣೆಯನ್ನೇ ಬಿಟ್ಟುಕೊಟ್ಟರು, ಊರಿನ ಸಂಗೀತಗಾರರನ್ನು ಕೂರಿಸಿದರು. ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು. 1950ರ ದಶಕದಲ್ಲಿ ಆ ಹೆಸರು ಇಡೀ ದೇಶದ ಬಾನುಲಿಗೆ ಬಂತು. ಒಬ್ಬ ಮೇಷ್ಟ್ರ ಮನೆಯಲ್ಲಿ ಹುಟ್ಟಿದ್ದು ಅದು. ಇವತ್ತು ತನ್ನ ಮನೆಯ ಮೂಲೆಯಲ್ಲಿ ಸರ್ವರ್ ಇಟ್ಟುಕೊಂಡು 50 ಜನರಿಗೆ ಜಾಗ ಮಾಡಿಕೊಡುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಂಡಾಗ ನನಗೆ ಗೋಪಾಲಸ್ವಾಮಿಯವರ ಆ ಕೋಣೆ ನೆನಪಾಗುತ್ತದೆ.

ಇಷ್ಟು ಕೇಳಿದ ಮೇಲೆ ನೀವು ಕೇಳಬಹುದು. ಒಂದೇ ದೊಡ್ಡ ಮನೆಯ ಬದಲು ಒಪ್ಪಂದದಿಂದ ಕೂಡಿದ ಸಾವಿರ ಸಣ್ಣ ಮನೆಗಳು, ಸರಿ. ಅಲ್ಲಿಗೆ ಹೋದರೆ ಹೇಗಿರುತ್ತದೆ? ನನ್ನ ಅನುಭವ ಹೇಳುತ್ತೇನೆ.

ಮಾಸ್ಟೊಡಾನಿನಲ್ಲಿ ಮೊದಲ ದಿನ ಬಿಕೋ ಎನ್ನುತ್ತಿತ್ತು. ಹೊಸ ಬಡಾವಣೆಯ ಮೊದಲ ಮನೆಗೆ ಸಂಜೆ ಹೊತ್ತು ಹೋದ ಹಾಗೆ. ದೊಡ್ಡ ತಾಣಗಳಲ್ಲಿ ಒಳಗೆ ಕಾಲಿಟ್ಟ ಕೂಡಲೇ ಕಂಪನಿಯ ಲೆಕ್ಕಾಚಾರ ಏನೇನನ್ನೋ ತಂದು ಮುಂದೆ ಸುರಿಯುತ್ತದೆ. ಇಲ್ಲಿ ಸುರಿಯುವವರಿಲ್ಲ. ನೀವು ಯಾರನ್ನು ಹಿಂಬಾಲಿಸುತ್ತೀರೋ ಅವರ ಬರಹ ಮಾತ್ರ, ಬರೆದ ಹೊತ್ತಿನ ಕ್ರಮದಲ್ಲಿ ಬರುತ್ತದೆ. ಜಾಹೀರಾತು ಇಲ್ಲ. ನಾನು ಯಾರನ್ನೂ ಹಿಂಬಾಲಿಸಿರಲಿಲ್ಲ, ಆದ್ದರಿಂದ ಏನೂ ಬರಲಿಲ್ಲ.

ಮೂರು ದಿನ ಸುಮ್ಮನಿದ್ದು ಒಂದು ಸಾಲು ಬರೆದೆ. ಹಲಸಿನ ಹಣ್ಣಿನ ಕಡುಬಿಗೆ ನಿಮ್ಮ ಕಡೆ ಯಾವ ಎಲೆ ಕಟ್ಟುತ್ತಾರೆ ಎಂದು. ರಾತ್ರಿ ಊಟವಾಗಿ ನೋಡಿದರೆ ನಾಲ್ಕು ಉತ್ತರಗಳಿದ್ದವು. ಒಬ್ಬರು ಬಾಳೆ ಎಲೆ ಎಂದರು. ಇನ್ನೊಬ್ಬರು ತೇಗದ ಎಲೆ, ಕಡುಬಿಗೆ ಕೆಂಪು ಬಣ್ಣ ಬರುತ್ತದೆ ಎಂದರು. ನೆದರ್ಲೆಂಡ್ಸಿನಲ್ಲಿರುವ ಒಬ್ಬರು, ಇಲ್ಲಿ ಎಲೆಯೂ ಇಲ್ಲ ಹಲಸೂ ಇಲ್ಲ, ಓದಿ ಅಮ್ಮನಿಗೆ ಫೋನ್ ಮಾಡಿದೆ ಎಂದು ಬರೆದಿದ್ದರು. ಆ ನಾಲ್ವರೂ ನಾಲ್ಕು ಬೇರೆ ಬೇರೆ ಸರ್ವರುಗಳವರು. ಯಾವ ಕಂಪನಿಯೂ ನಮ್ಮನ್ನು ಪರಿಚಯ ಮಾಡಿಸಿರಲಿಲ್ಲ. ನಾಲ್ಕೇ ಉತ್ತರ, ಆದರೆ ನಾಲ್ಕೂ ಮನುಷ್ಯರ ಉತ್ತರ. ಆ ರಾತ್ರಿಯಿಂದ ನಾನು ಅಲ್ಲಿ ಉಳಿದೆ.



ಆಮೇಲೆ 2022ರ ಅಕ್ಟೋಬರ್ ಬಂತು. ಇಲಾನ್ ಮಸ್ಕ್ ಸುಮಾರು 4400 ಕೋಟಿ ಡಾಲರ್ ಕೊಟ್ಟು ಟ್ವಿಟರನ್ನು ಕೊಂಡರು. ಕೋಟ್ಯಂತರ ಜನ ಕೂತು ಮಾತಾಡುತ್ತಿದ್ದ ಮನೆಯನ್ನು ಒಬ್ಬ ವ್ಯಕ್ತಿ ಕೊಂಡರು. ಒಳಗಿದ್ದವರನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂಬ ನಿಯಮವೂ ಇರಲಿಲ್ಲ. ಜನ ಮತ್ತೆ ಹೊರಟರು. ಮಾಸ್ಟೊಡಾನ್ ಬಳಸುವವರು ತಿಂಗಳಿಗೆ ಸುಮಾರು 3 ಲಕ್ಷ ಇದ್ದದ್ದು ಎರಡೇ ತಿಂಗಳಲ್ಲಿ 25 ಲಕ್ಷ ಆಯಿತು. ಡಿಸೆಂಬರಿನಲ್ಲಿ ಟ್ವಿಟರ್ ಏನು ಮಾಡಿತು ಗೊತ್ತೇ? ಮಾಸ್ಟೊಡಾನಿನ ಖಾತೆಯನ್ನು ತಡೆಯಿತು. ಅಲ್ಲಿಗೆ ಹೋಗುವ ಕೊಂಡಿಗಳನ್ನು ತಡೆಯಿತು. ಅಂದರೆ, ನನ್ನ ಹೊಸ ವಿಳಾಸ ಇದು ಎಂದು ಸ್ನೇಹಿತರಿಗೆ ಹೇಳಿಹೋಗಲೂ ಬಿಡಲಿಲ್ಲ. ಕೆಲವು ದಿನಗಳ ನಂತರ ತೆರವು ಮಾಡಿದರು. ಆದರೆ ಬೀಗದ ಕೈ ಒಬ್ಬರ ಹತ್ತಿರ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ಸಾಕ್ಷಿ ಇನ್ನೊಂದಿಲ್ಲ.

ಹೊರಟವರು ತಮ್ಮವರನ್ನು ಕಳೆದುಕೊಳ್ಳದಿರಲು ದಾರಿ ಇದೆ. ಮೊಬೈಲನ್ನೇ ನೋಡಿ. ನಮ್ಮ ದೇಶದಲ್ಲಿ 2011ರ ಜನವರಿಯಿಂದ ಮೊಬೈಲ್ ನಂಬರ್ ಬದಲಿಸದೆಯೇ ಕಂಪನಿ ಬದಲಿಸಬಹುದು. ಅದಕ್ಕೆ ಮುಂಚೆ ನಂಬರ್ ಹೋಗುತ್ತದಲ್ಲ ಎಂಬ ಹೆದರಿಕೆಯಿಂದ ಜನ ಕಷ್ಟಪಟ್ಟುಕೊಂಡು ಒಂದೇ ಕಂಪನಿಯಲ್ಲಿ ಇರುತ್ತಿದ್ದರು. ಕಾನೂನು ಬಂದ ಮೇಲೆ ಆ ಹೆದರಿಕೆ ಹೋಯಿತು. ಮಾಸ್ಟೊಡಾನಿನಲ್ಲಿ ಇಂಥ ವ್ಯವಸ್ಥೆ ಒಳಗೇ ಇದೆ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋದರೆ ನಿಮ್ಮನ್ನು ಹಿಂಬಾಲಿಸುವವರು ಜೊತೆಗೆ ಬರುತ್ತಾರೆ.

ಇಲ್ಲಿಯವರೆಗೆ ಈ ಹೊಸ ದಾರಿಯ ಒಳಿತನ್ನೇ ಹೇಳಿದೆ. ಕಷ್ಟವನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ.

ಮೊದಲನೆಯದು, ಈಗ ತಾನೇ ಹೇಳಿದ ಮಾತಿನದೇ ಇನ್ನರ್ಧ. ಊರು ಬದಲಿಸಿದರೆ ಹಿಂಬಾಲಿಸುವವರು ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಅವು ಹಳೆಯ ಸರ್ವರಿನಲ್ಲೇ ಉಳಿಯುತ್ತವೆ. ಪ್ರತಿ ಇಳಿಸಿಕೊಳ್ಳಬಹುದು, ಹೊಸ ಜಾಗದಲ್ಲಿ ಮತ್ತೆ ನಿಲ್ಲಿಸಲು ಬರುವುದಿಲ್ಲ. ಬ್ಲೂಸ್ಕೈ ಎಂಬ ಇನ್ನೊಂದು ಜಾಲ ಬರಹಗಳ ಸಮೇತ ಹೋಗುವ ಹಾಗೆ ತನ್ನದೇ ಒಪ್ಪಂದ ರೂಪಿಸಿದೆ. ಆದರೆ ಅದರ ಬಹುಪಾಲು ಬಳಕೆದಾರರು ಇರುವುದು ಆ ಕಂಪನಿಯ ಸರ್ವರುಗಳಲ್ಲೇ. ಮೆಟಾ ಕಂಪನಿಯ ಥ್ರೆಡ್ಸ್ ಕೂಡ 2024ರಿಂದ ಫೆಡಿವರ್ಸ್ ಕಡೆಗೆ ಅರ್ಧ ಬಾಗಿಲು ತೆರೆದಿದೆ. ದೊಡ್ಡ ಮನೆಯವರು ಬಾಗಿಲು ತೆರೆದಾಗ ಹಾಕಿಕೊಳ್ಳುವ ಅಧಿಕಾರವೂ ಅವರದೇ ಎಂದು ಅನೇಕ ಸಣ್ಣ ಸರ್ವರುಗಳು ಮೊದಲೇ ದೂರ ಉಳಿದವು. ನನಗೆ ಅವರ ಅನುಮಾನ ಅರ್ಥವಾಗುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು. ಅದನ್ನು ಹೇಳಲು ನಮ್ಮ ನಾಡಿನ ಒಂದು ಹೆಸರು ಬೇಕು.

ಬೀಗದ ಕೈಯನ್ನು ಹೀಗೆ ಹಂಚುವುದಕ್ಕೆ ವಿಕೇಂದ್ರೀಕರಣ ಎನ್ನುತ್ತಾರೆ. ಈ ಪದ ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಬಂದವು. 1987ರಲ್ಲಿ ಚುನಾವಣೆ ಆಯಿತು. ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಬೋರ್‌ವೆಲ್ ಬಂದಾಗ ನಮ್ಮೂರಿನಲ್ಲಿ ನಡೆದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲ ವರ್ಷ ಸಂಭ್ರಮ. ಆಮೇಲೆ ಕೈಪಂಪಿನ ವಾಷರ್ ಸವೆಯಿತು. ಒಂದು ವಾಷರಿನ ಬೆಲೆ ಬಹಳ ಕಡಿಮೆ. ಆದರೆ ಹಾಕುವವರು ಯಾರು? ಕಲಿತ ಒಬ್ಬ ಇದ್ದ ಕೇರಿಯಲ್ಲಿ ನೀರು ಬರುತ್ತಿತ್ತು. ಇಲ್ಲದ ಕೇರಿಯಲ್ಲಿ ಪಂಪು ತುಕ್ಕು ಹಿಡಿಯಿತು.

ಸರ್ವರಿನ ಕಥೆಯೂ ಇದೇ. ಯಾರೋ ಒಬ್ಬರು ರಾತ್ರಿ ಎದ್ದು ನೋಡಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದು ಮಾಡಬೇಕು. ಬಿಲ್ಲು ಕಟ್ಟಬೇಕು. ಬೈಗುಳ ಬರೆದವನಿಗೆ ಬುದ್ಧಿ ಹೇಳಬೇಕು, ಕೇಳದಿದ್ದರೆ ತೆಗೆಯಬೇಕು. ಬಹಳ ಸರ್ವರುಗಳಲ್ಲಿ ಇದನ್ನೆಲ್ಲ ಮಾಡುವವರು ಒಬ್ಬರೋ ಇಬ್ಬರೋ, ಸಂಬಳವಿಲ್ಲದೆ. ಅವರು ದಣಿಯುತ್ತಾರೆ. ಮಗು ಹುಟ್ಟುತ್ತದೆ, ಕೆಲಸ ಬದಲಾಗುತ್ತದೆ. 2022ರ ನಂತರ ಹೀಗೆ ಮುಚ್ಚಿದ ಒಳ್ಳೊಳ್ಳೆಯ ಸರ್ವರುಗಳಿವೆ. ಆ ಬೀಗದ ಕೈ ಕಂಪನಿಯ ಕೈಯಿಂದ ಒಬ್ಬ ಸ್ನೇಹಿತನ ಕೈಗೆ ಬಂತು, ಅಷ್ಟೇ ಆಯಿತು. ಸ್ನೇಹಿತ ಒಳ್ಳೆಯವನು. ಆದರೂ ಒಬ್ಬನೇ.

ಮೂರನೆಯದು ದ್ವೇಷದ ಮಾತಿನ ಪ್ರಶ್ನೆ. 2019ರಲ್ಲಿ ಅಮೆರಿಕದ ಗ್ಯಾಬ್ ಎಂಬ ತಾಣ, ದ್ವೇಷದ ಬರಹಗಳಿಗೆ ಕುಖ್ಯಾತವಾದದ್ದು, ಮಾಸ್ಟೊಡಾನಿನ ತಂತ್ರಾಂಶ ತೆಗೆದುಕೊಂಡು ತನ್ನ ಸರ್ವರ್ ನಡೆಸಿತು. ತಂತ್ರಾಂಶ ಎಲ್ಲರಿಗೂ ಬಿಟ್ಟದ್ದು, ತಡೆಯಲು ಬರುವುದಿಲ್ಲ. ಆದರೆ ಉಳಿದ ಸರ್ವರುಗಳು ಒಂದೊಂದಾಗಿ ಅದಕ್ಕೆ ಬಾಗಿಲು ಹಾಕಿದವು. ಅದರ ಮಾತು ಅದರೊಳಗೇ ಉಳಿಯಿತು. ಮೇಲಿನಿಂದ ಯಾರ ಆಜ್ಞೆಯೂ ಇಲ್ಲದೆ ಇದು ನಡೆಯಿತು ಎಂಬುದು ನನಗೆ ದೊಡ್ಡ ವಿಷಯ. ಇದೇ ಬಾಗಿಲು ಕೆಲವೊಮ್ಮೆ ಸಣ್ಣ ಜಗಳಕ್ಕೂ ಮುಚ್ಚುತ್ತದೆ. ಇಬ್ಬರು ಮೇಲ್ವಿಚಾರಕರು ಮುನಿಸಿಕೊಂಡರೆ ನೂರಾರು ಜನರ ಸ್ನೇಹ ಕಡಿದುಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಮಾಸ್ಟೊಡಾನಿನಲ್ಲಿ ಒಬ್ಬರಿಗೊಬ್ಬರು ಖಾಸಗಿಯಾಗಿ ಬರೆದದ್ದನ್ನು ಸರ್ವರ್ ನಡೆಸುವವರು ಬಯಸಿದರೆ ನೋಡಬಹುದು. ಗುಟ್ಟಿನ ಮಾತಿಗೆ ಅದು ಜಾಗವಲ್ಲ.

ಜನವೂ ಕಡಿಮೆ. 25 ಲಕ್ಷಕ್ಕೆ ಏರಿದ್ದು ಆಮೇಲೆ 10 ಲಕ್ಷದ ಆಸುಪಾಸಿಗೆ ಇಳಿಯಿತು. ನಿಮ್ಮ ನೆಂಟರಿಷ್ಟರು ಅಲ್ಲಿ ಇರಲಿಕ್ಕಿಲ್ಲ.

ಹಾಗಾದರೆ ಇಷ್ಟೆಲ್ಲ ಕಷ್ಟ ಇದ್ದೂ ನಾನು ಯಾಕೆ ಈ ದಾರಿ ಸರಿ ಎನ್ನುತ್ತೇನೆ? ಕಷ್ಟಗಳೆಲ್ಲ ನಮ್ಮ ಕೈಗೆ ಎಟುಕುವ ಕಷ್ಟಗಳು. ಆ ಎರಡು ನಿಮಿಷದ ಉತ್ತರದ ಮುಂದೆ ನಾವು ಆರು ವರ್ಷದ ಕೆಲಸ ಹಿಡಿದು ನಿಂತಿದ್ದೆವು, ಮಾತಾಡಲು ಆ ಕಡೆ ಒಬ್ಬ ಮನುಷ್ಯ ಇರಲಿಲ್ಲ. ಸರ್ವರ್ ನಡೆಸುವ ಹುಡುಗ ದಣಿದರೆ ನಾವು ಅವನ ಮನೆಗೆ ಹೋಗಿ ಕೂತು ಮಾತಾಡಬಹುದು. ಖರ್ಚು ಹಂಚಿಕೊಳ್ಳಬಹುದು. ಇನ್ನಿಬ್ಬರಿಗೆ ಕೆಲಸ ಕಲಿಸಬಹುದು.

ಆದ್ದರಿಂದ ನನ್ನ ಕೋರಿಕೆ ಒಬ್ಬೊಬ್ಬರಿಗಿಂತ ಹೆಚ್ಚಾಗಿ ಸಂಸ್ಥೆಗಳಿಗೆ. ನಮ್ಮಲ್ಲಿ ವಿಶ್ವವಿದ್ಯಾಲಯಗಳಿವೆ, ಜಿಲ್ಲೆಗೊಂದು ಗ್ರಂಥಾಲಯವಿದೆ, ಸಾಹಿತ್ಯ ಪರಿಷತ್ತಿನ ಘಟಕಗಳಿವೆ. ಮುಂಬಯಿಯಿಂದ ಹಿಡಿದು ಅಮೆರಿಕದವರೆಗೆ ಕನ್ನಡ ಸಂಘಗಳಿವೆ. ರಾಜ್ಯೋತ್ಸವದ ಒಂದು ಸಂಜೆಯ ಶಾಮಿಯಾನಕ್ಕೆ ಆಗುವ ಖರ್ಚಿನಲ್ಲಿ ಒಂದು ಸಣ್ಣ ಸರ್ವರನ್ನು ವರ್ಷಪೂರ್ತಿ ನಡೆಸಬಹುದು. ಚಿಕ್ಕ ಗುಂಪಿಗಾದರೆ ತಿಂಗಳಿಗೆ ಒಂದೆರಡು ಸಾವಿರ ರೂಪಾಯಿ ಸಾಕು. ಜರ್ಮನಿಯಲ್ಲಿ ಸರ್ಕಾರಿ ಕಚೇರಿಗಳೇ ತಮ್ಮದೊಂದು ಮಾಸ್ಟೊಡಾನ್ ಸರ್ವರ್ ಇಟ್ಟುಕೊಂಡಿವೆ. ನಮ್ಮ ಕೃಷಿ ವಿಶ್ವವಿದ್ಯಾಲಯ ಅಡಿಕೆಯ ಕೊಳೆರೋಗದ ಎಚ್ಚರಿಕೆಯನ್ನು ತನ್ನದೇ ಸರ್ವರಿನಿಂದ ರೈತನಿಗೆ ಹೇಳಬಹುದಲ್ಲವೇ? ನಡುವೆ ಒಂದು ಕಂಪನಿಯ ಜಾಹೀರಾತಿನ ಲೆಕ್ಕಾಚಾರ ಯಾಕೆ ಬರಬೇಕು?

ಮನೆಯಲ್ಲಿ ಕೂತು ಕೇಳುತ್ತಿರುವ ನಿಮಗೆ ಒಂದೇ ಮಾತು. ನೀವು ಯಾವ ತಾಣದಲ್ಲೇ ಇರಿ, ಅಲ್ಲೇ ಇರಿ. ಆದರೆ ಈ ವಾರ ನಿಮ್ಮ ಖಾತೆಯ ಸೆಟ್ಟಿಂಗ್ಸ್ ತೆರೆಯಿರಿ. ನಿಮ್ಮ ಮಾಹಿತಿಯ ಪ್ರತಿ ಇಳಿಸಿಕೊಳ್ಳುವ ಅವಕಾಶ ದೊಡ್ಡ ತಾಣಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಇಳಿಸಿ, ಒಂದು ಪೆನ್‌ಡ್ರೈವ್‌ಗೆ ಹಾಕಿಡಿ. ಮಕ್ಕಳು ಮೊಮ್ಮಕ್ಕಳು ಯಾರಾದರೂ ಮಾಡಿಕೊಡುತ್ತಾರೆ. ನಾವು ಅದನ್ನು ಮಾಡಿರಲಿಲ್ಲ.

ಈಗ ನಮ್ಮ ಊರಿನ ಗುಂಪಿಗೆ ಸ್ವಂತ ಸರ್ವರ್ ಇದೆ. ಸುಮಾರು 60 ಜನ ಇದ್ದೇವೆ. ತಾಲೂಕು ಕೇಂದ್ರದ ಕಾಲೇಜಿನ ಒಬ್ಬ ಉಪನ್ಯಾಸಕರು ನಡೆಸುತ್ತಾರೆ, ಅವರಿಂದ ಇಬ್ಬರು ಹುಡುಗಿಯರು ಕಲಿಯುತ್ತಿದ್ದಾರೆ. ತಿಂಗಳ ಕೊನೆಗೆ ಇಡೀ ಸರ್ವರಿನ ಪ್ರತಿ ಒಂದು ಹಾರ್ಡ್‌ಡಿಸ್ಕಿಗೆ ಹೋಗುತ್ತದೆ. ಅದನ್ನು ಊರಿನ ಗ್ರಂಥಾಲಯದ ಕಬ್ಬಿಣದ ಬೀರುವಿನಲ್ಲಿ ಇಡುತ್ತೇವೆ. ಆ ಬೀರುವಿಗೆ ಬೀಗದ ಕೈ ಎರಡು. ಒಂದು ಗ್ರಂಥಪಾಲಕರ ಹತ್ತಿರ ಇದೆ, ಇನ್ನೊಂದು ಪಂಚಾಯ್ತಿ ಕಚೇರಿಯಲ್ಲಿ.

ಶಾಲೆಯ ಫೋಟೋವನ್ನು ಮತ್ತೆ ಹಾಕಿದ್ದೇವೆ. ಅತ್ತೆ ಮತ್ತೊಮ್ಮೆ ಹೇಳಿ ಬರೆಸಿದ್ದಾರೆ. ಅಂದು ಹೆಸರು ಹೇಳಿದ್ದವರಲ್ಲಿ ಇಬ್ಬರು ಈಗ ಇಲ್ಲ. 22 ಹೆಸರುಗಳ ಪೈಕಿ 14 ಮತ್ತೆ ಸಿಕ್ಕಿವೆ.